ಒಂದು ನಂಬರಿನ ಪಹಣಿ

ಹೋದ ವರ್ಷ ನಮ್ಮ ತಾಲ್ಲೂಕಿನ ಒಂದು ಊರಿನಲ್ಲಿ ಹಾಲಿನ ಡೇರಿ ಚುನಾವಣೆಗೆ ಇನ್ನು ಹದಿನೈದು ದಿನ ಇತ್ತು. ಡೇರಿಯ ಕಾರ್ಯದರ್ಶಿಯವರು ಫೋನ್ ಹಿಡಿದುಕೊಂಡು ನಮ್ಮನ್ನು ಹುಡುಕಿಕೊಂಡು ಬಂದರು. ಡೇರಿಯ ಇ-ಮೇಲನ್ನು ಯಾರೋ ತೆರೆದು ನೋಡಿದ್ದಾರೆ ಅನ್ನುವುದು ಅವರ ಅನುಮಾನ. ಮೇಲ್ ಖಾತೆಯ ಚಟುವಟಿಕೆ ಪಟ್ಟಿಯಲ್ಲಿ ಅವರಿಗೆ ಗುರುತು ಹತ್ತದ ಒಂದು ನಂಬರ್ ಕಾಣಿಸುತ್ತಿತ್ತು. ನಾಲ್ಕು ಸಂಖ್ಯೆ, ನಡುವೆ ಮೂರು ಚುಕ್ಕಿ. ಐ.ಪಿ. ವಿಳಾಸ ಅನ್ನುತ್ತಾರಲ್ಲ, ಅದು.

ಅಷ್ಟೇ ಆಗಿದ್ದರೆ ಪಾಸ್‌ವರ್ಡ್ ಬದಲಾಯಿಸಿ ಅಂದು ಕಳಿಸಬಹುದಿತ್ತು. ಆದರೆ ಅಷ್ಟರೊಳಗೆ ಊರಿನ ಹುಡುಗರು ಆ ನಂಬರನ್ನು ಒಂದು ಪುಕ್ಕಟೆ ವೆಬ್‌ಸೈಟಿಗೆ ಹಾಕಿ ನೋಡಿಬಿಟ್ಟಿದ್ದರು. ನಕ್ಷೆಯ ಮೇಲೆ ಕೆಂಪು ಗುರುತು ಪಕ್ಕದ ಮಜರೆ ಹಳ್ಳಿಯ ಕೆರೆ ಏರಿಯ ಮೇಲೆ ಬಿದ್ದಿತ್ತು. ಆ ಮಜರೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಮನೆಯಿಂದಲೇ ಕೆಲಸ ಮಾಡುವವನು ಒಬ್ಬನೇ ಹುಡುಗ. ಅವನ ಚಿಕ್ಕಪ್ಪ ಚುನಾವಣೆಯಲ್ಲಿ ಎದುರು ಗುಂಪಿನ ಅಭ್ಯರ್ಥಿ. ಇನ್ನೇನು ಬೇಕು?

'ನೀವು ಪೇಪರ್‌ನೋರು, ನೀವೇ ನೋಡಿ ಹೇಳಿಬಿಡಿ. ಆಮೇಲೆ ನಾವು ಅವನ ಮನೆ ಹತ್ರ ಹೋಗ್ತೀವಿ' ಅಂದರು ಜೊತೆಯಲ್ಲಿ ಬಂದಿದ್ದವರು.

ಎರಡು ದಿನ ಟೈಂ ಕೊಡಿ ಅಂದೆವು. ನಮ್ಮ ಗುಂಪಿನಲ್ಲಿ ಯಾರೂ ಎಂಜಿನಿಯರ್ ಅಲ್ಲ. ಪತ್ರಿಕೋದ್ಯಮ ಡಿಪ್ಲೊಮಾ ಮಾಡುವಾಗ ಡೇಟಾ ಪಾಠಕ್ಕೆಂದು ಒಂದಿಷ್ಟು ಪೈಥಾನ್ ಕಲಿತಿದ್ದೆವು, ಅಷ್ಟೇ ಬಂಡವಾಳ. ಫೋನಿನಲ್ಲೇ ಟರ್ಮಕ್ಸ್ ಹಾಕಿಕೊಂಡು, ಒಂದು ನಂಬರ್ ಕೊಟ್ಟರೆ ಅದು ಯಾವ ತುಂಡಿಗೆ ಸೇರಿದ್ದು, ಆ ತುಂಡು ಎಲ್ಲಿಂದ ಎಲ್ಲಿಯವರೆಗೆ, ದಾಖಲೆಯಲ್ಲಿ ಯಾರ ಹೆಸರಿಗಿದೆ ಎಂದು ಹೇಳುವ ಚಿಕ್ಕ ಸ್ಕ್ರಿಪ್ಟ್ ಬರೆಯಲು ಕೂತೆವು. ಬರೆಯುತ್ತಾ ಹೋದಂತೆ ಈ ದಾಖಲೆ ಯಾವಾಗ ಶುರುವಾಯಿತು, ಯಾರು ಇಟ್ಟರು, ಅದರಲ್ಲಿ ಏನಿದೆ ಏನಿಲ್ಲ ಅನ್ನುವುದು ಸ್ಕ್ರಿಪ್ಟಿಗಿಂತ ದೊಡ್ಡ ಕಥೆ ಎಂದು ಗೊತ್ತಾಯಿತು.

ಮೊದಲು ಪೋಡಿ ಲೆಕ್ಕ

ಪಹಣಿ ನೋಡಲು ಬರುವವರಿಗೆ ಇದು ಕಷ್ಟವಲ್ಲ. ಒಂದು ಸರ್ವೆ ನಂಬರ್ ಇರುತ್ತದೆ. ಅಣ್ಣತಮ್ಮಂದಿರು ಪಾಲಾದಾಗ ಅದು ಪೋಡಿಯಾಗಿ ಹಿಸ್ಸಾಗಳಾಗುತ್ತವೆ. ಐ.ಪಿ. ವಿಳಾಸಗಳ ಸಬ್‌ನೆಟ್ ಅಂದರೆ ಅಂಥದ್ದೇ ಹಿಸ್ಸಾ. ನಾವು ಸರ್ವೆ ನಂಬರ್ ಆದ ಮೇಲೆ ಗೆರೆ ಎಳೆದು ಹಿಸ್ಸಾ ನಂಬರ್ ಬರೆಯುತ್ತೇವೆ. ಅಲ್ಲಿಯೂ ವಿಳಾಸವಾದ ಮೇಲೆ ಅದೇ ಓರೆ ಗೆರೆ, ಅದರ ಮುಂದೆ ಒಂದು ಅಂಕಿ. ಆದರೆ ಅಂಕಿಯ ಅರ್ಥ ಬೇರೆ.

ಒಂದು ಉದಾಹರಣೆ ನೋಡಿ: 203.0.113.77/26. ಈ ವಿಳಾಸ ಯಾರದೂ ಅಲ್ಲ. ಪುಸ್ತಕ, ಪಾಠಗಳಲ್ಲಿ ಉದಾಹರಣೆಗೆ ಬಳಸಲೆಂದೇ 2010ರಲ್ಲಿ 203.0.113ರಿಂದ ಶುರುವಾಗುವ 256 ವಿಳಾಸಗಳನ್ನು ಯಾರಿಗೂ ಕೊಡದೆ ಬಿಟ್ಟಿದ್ದಾರೆ. ಒಂಥರಾ ಗೋಮಾಳ, ಒತ್ತುವರಿ ಆಗದೆ ಉಳಿದ ಗೋಮಾಳ.

ಕಂಪ್ಯೂಟರಿಗೆ ಈ ವಿಳಾಸ ಅಂದರೆ ಸೊನ್ನೆ, ಒಂದುಗಳನ್ನು ತುಂಬಿದ 32 ಮನೆಗಳು. ಗೆರೆಯ ಮುಂದಿನ 26 ಏನು ಹೇಳುತ್ತದೆ ಅಂದರೆ, ಮೊದಲ 26 ಮನೆ ಕದಲುವಂತಿಲ್ಲ, ಅದು ಬಾಂದು ಕಲ್ಲು. ಉಳಿದ 6 ಮನೆಗಳಲ್ಲಿ ಮಾತ್ರ ಬದಲಾವಣೆ. ಆರು ಮನೆಗಳಲ್ಲಿ ಸೊನ್ನೆ, ಒಂದುಗಳನ್ನು 64 ರೀತಿಯಲ್ಲಿ ತುಂಬಬಹುದು. ಹಾಗಾಗಿ ಈ ಹಿಸ್ಸಾದಲ್ಲಿ 64 ವಿಳಾಸ. ನಮ್ಮ 77 ಇರುವುದು 64ರಿಂದ 127ರವರೆಗಿನ ತುಂಡಿನಲ್ಲಿ. ಮೊದಲನೆಯದು ತುಂಡಿನ ಹೆಸರಿಗೆ, ಕೊನೆಯದು ಎಲ್ಲರಿಗೂ ಒಟ್ಟಿಗೆ ಕೂಗಿ ಹೇಳಲಿಕ್ಕೆ ಮೀಸಲು. ಉಳಿದ 62 ಯಂತ್ರಗಳಿಗೆ.

ಗೆರೆಯ ಮುಂದಿನ ಅಂಕಿ ದೊಡ್ಡದಾದಷ್ಟೂ ಜಮೀನು ಚಿಕ್ಕದು ಅನ್ನುವುದು ತಲೆಗೆ ಹೋಗಲು ನಮಗೆ ಅರ್ಧ ದಿನ ಬೇಕಾಯಿತು. ಅಂಕಿ ಒಂದು ಏರಿದರೆ ಜಮೀನು ಸರಿಯಾಗಿ ಅರ್ಧ. ಇಬ್ಬರಿಗೆ ಪಾಲು ಮಾಡಬಹುದು, ನಾಲ್ವರಿಗೆ ಮಾಡಬಹುದು. ಮೂವರು ಅಣ್ಣತಮ್ಮಂದಿರಿಗೆ ಸಮಪಾಲು ಮಾತ್ರ ಆಗುವುದಿಲ್ಲ.

ಈ ಲೆಕ್ಕಕ್ಕೆ ಪೈಥಾನಿನಲ್ಲಿ 2012ರಿಂದಲೇ ಸಿದ್ಧ ಸಲಕರಣೆ ಬಂದಿದೆ. ನಾವು ಬರೆಯಬೇಕಾಗಿದ್ದು ನಾಲ್ಕೈದು ಸಾಲು. ಹಿಸ್ಸಾದ ಅಳತೆ ಸಿಕ್ಕಿತು. ಇನ್ನು ಬೇಕಾಗಿದ್ದು ಖಾತೆದಾರರ ಹೆಸರು.

ಹೆಸರು ಬರೆದಿಟ್ಟ ಹೆಂಗಸರು

ಇಂಟರ್‌ನೆಟ್ಟಿನ ತಾಯಿಬೇರು ಅರ್ಪಾನೆಟ್. 1969ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಹಣದಲ್ಲಿ ಶುರುವಾಗಿದ್ದು. ಆ ಜಾಲದಲ್ಲಿ ಯಾವ ಯಂತ್ರ ಎಲ್ಲಿದೆ, ಯಾರನ್ನು ಕೇಳಬೇಕು ಎಂದು ಹೇಳಲು ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕ್‌ನಲ್ಲಿ ಒಂದು ಮಾಹಿತಿ ಕೇಂದ್ರ ಇತ್ತು. ಅದನ್ನು 1970ರ ದಶಕದ ಆರಂಭದಿಂದ 1989ರವರೆಗೆ ನಡೆಸಿದವರು ಎಲಿಜಬೆತ್ ಫೈನ್ಲರ್. ಎಲ್ಲರೂ ಕರೆಯುತ್ತಿದ್ದದ್ದು ಜೇಕ್ ಎಂದು. ಅವರ ತಂಡ ಜಾಲದಲ್ಲಿರುವವರ ಹೆಸರು, ಫೋನ್ ನಂಬರುಗಳ ಡೈರೆಕ್ಟರಿಯನ್ನು ಅಚ್ಚು ಹಾಕಿಸಿ ಹಂಚುತ್ತಿತ್ತು. ಹೊಸ ಯಂತ್ರ ಸೇರಿಸಬೇಕಾದವರು ಅವರ ಕಚೇರಿ ವೇಳೆಯಲ್ಲಿ ಕೇಳಿಕೊಳ್ಳಬೇಕು, ಅವರು ಪಟ್ಟಿಗೆ ಸೇರಿಸಬೇಕು. ಶಾನುಭೋಗರ ಕಿರ್ದಿಯಂತೆ ಎಲ್ಲವೂ ಒಂದೇ ಕಡೆ. ಇಂಟರ್‌ನೆಟ್ ಕಟ್ಟಿದವರ ಪಟ್ಟಿ ಮಾಡುವಾಗ ಈ ಕೆಲಸದವರ ಹೆಸರು ಬರುವುದು ಕಡಿಮೆ. ನಮಗೆ ಅನಿಸಿದ್ದು, ದಾಖಲೆ ಇಟ್ಟವರಿಲ್ಲದೆ ಜಾಲ ಒಂದು ವಾರವೂ ನಡೆಯುತ್ತಿರಲಿಲ್ಲ.

ನಂಬರುಗಳನ್ನು ಹಂಚುವ ಲೆಕ್ಕ ಇಟ್ಟಿದ್ದವರು ಜಾನ್ ಪೋಸ್ಟೆಲ್. ಉದ್ದ ಗಡ್ಡದ ಮನುಷ್ಯ. 1998ರಲ್ಲಿ ತೀರಿಕೊಳ್ಳುವವರೆಗೂ ಅದೇ ಕೆಲಸ.

1982ರ ಮಾರ್ಚಿನಲ್ಲಿ ಮಾಹಿತಿ ಕೇಂದ್ರದವರು ಡೈರೆಕ್ಟರಿ ಪುಸ್ತಕವನ್ನು ತಿರುವುವ ಬದಲು ಕಂಪ್ಯೂಟರಿನಿಂದಲೇ ಕೇಳುವ ವ್ಯವಸ್ಥೆ ಪ್ರಕಟಿಸಿದರು. ಅದಕ್ಕೆ ಬಂದ ಹೆಸರು ಹೂ-ಈಸ್. ಅಂದರೆ 'ಯಾರು?'. ಪ್ರಶ್ನೆಯೇ ಹೆಸರು. ಆ ವರ್ಷದ ಸೂಚನೆಯಲ್ಲಿ ಒಂದು ಮಾತಿದೆ: ಜಾಲಕ್ಕೆ ಸಂದೇಶ ಕಳಿಸಬಲ್ಲ ಪ್ರತಿಯೊಬ್ಬ ವ್ಯಕ್ತಿಯೂ ತನ್ನ ಪೂರ್ತಿ ಹೆಸರು, ಅಂಚೆ ವಿಳಾಸ, ಫೋನ್ ನಂಬರ್ ಕೊಟ್ಟು ನೋಂದಾಯಿಸಿಕೊಳ್ಳಬೇಕು.

ಈ ಮಾತನ್ನು ನೆನಪಿಟ್ಟುಕೊಳ್ಳಿ. ಆಗ 'ಯಾರು?' ಎಂದು ಕೇಳಿದರೆ ಮನುಷ್ಯನ ಹೆಸರು ಬರುತ್ತಿತ್ತು. ಯಾಕೆಂದರೆ ಊರು ಚಿಕ್ಕದು. 1981ರ ಆಗಸ್ಟಿನಲ್ಲಿ ಜಾಲದಲ್ಲಿದ್ದದ್ದು 213 ಕಂಪ್ಯೂಟರ್. ಕೆಂಪು ಗುರುತು ನೋಡಿ ನಮ್ಮ ಹುಡುಗರು ನಂಬಿದ್ದು ಆ 213 ಯಂತ್ರಗಳ ಕಾಲದ ಇಂಟರ್‌ನೆಟ್ಟನ್ನು.

ಗೌಡರ ಹಂಚಿಕೆ

1981ರ ಸೆಪ್ಟೆಂಬರಿನಲ್ಲಿ ಗೊತ್ತುಮಾಡಿದ 32 ಮನೆಗಳ ವಿಳಾಸ ಪದ್ಧತಿಯಲ್ಲಿ ಒಟ್ಟು ಸುಮಾರು 429 ಕೋಟಿ ವಿಳಾಸ. 213 ಯಂತ್ರಗಳ ಮುಂದೆ ಅದು ಮುಗಿಯದ ಜಮೀನು. ಹಾಗಾಗಿ ಹಂಚಿದ್ದೂ ಹಾಗೆಯೇ. ಮೂರೇ ಅಳತೆ: ಎ ದರ್ಜೆಗೆ ಒಂದೂಮುಕ್ಕಾಲು ಕೋಟಿಗೆ ಸ್ವಲ್ಪ ಕಡಿಮೆ, ಬಿ ದರ್ಜೆಗೆ 65,536, ಸಿ ದರ್ಜೆಗೆ 256. ಅಮೆರಿಕದ ಎಂ.ಐ.ಟಿ. ವಿಶ್ವವಿದ್ಯಾಲಯಕ್ಕೆ ಒಂದು ಇಡೀ ಎ ದರ್ಜೆ ಸಿಕ್ಕಿತು, 18ರಿಂದ ಶುರುವಾಗುವ ಎಲ್ಲ ವಿಳಾಸಗಳೂ. ಫೋರ್ಡ್ ಕಾರು ಕಂಪನಿಗೂ ಒಂದು, ಆಪಲ್‌ಗೂ ಒಂದು. 2017ರಲ್ಲಿ ಎಂ.ಐ.ಟಿ. ತನ್ನ ಪಾಲಿನ ಎಷ್ಟೋ ಭಾಗ ಬಳಕೆಯೇ ಆಗಿಲ್ಲ ಎಂದು ಹೇಳಿ ಒಂದಿಷ್ಟನ್ನು ಮಾರಿತು. ಮೊದಲು ಬಂದವರಿಗೆ ಕಣ್ಣು ಹಾಯುವಷ್ಟು ದೂರ, ಕೊನೆಗೆ ಬಂದವರಿಗೆ ಗುಂಟೆ ಲೆಕ್ಕ. ಇದು ಎಲ್ಲಿಯೂ ಹೊಸದಲ್ಲ.

ಪೋಡಿ ಹೇಗೆ ಶುರುವಾಯಿತು ಅನ್ನುವುದು ಮುಖ್ಯ. 1980ರ ದಶಕದಲ್ಲಿ ಒಂದೊಂದು ವಿಶ್ವವಿದ್ಯಾಲಯದ ಒಳಗೇ ಹತ್ತಾರು ಚಿಕ್ಕ ಜಾಲಗಳಾದವು. ಪ್ರತಿಯೊಂದಕ್ಕೂ ಹೊರಗಿನಿಂದ ಬೇರೆ ನಂಬರ್ ತರುತ್ತಾ ಹೋದರೆ ಎಲ್ಲರ ದಾರಿಪಟ್ಟಿಯೂ ಉದ್ದವಾಗುತ್ತದೆ. ಸ್ಟ್ಯಾನ್‌ಫರ್ಡಿನ ಜೆಫ್ರಿ ಮೊಗುಲ್ 1984ರ ಅಕ್ಟೋಬರಿನಲ್ಲಿ ಒಂದು ಉಪಾಯ ಬರೆದರು: ಹೊರಗಿನವರಿಗೆ ಒಂದೇ ನಂಬರ್ ಕಾಣಲಿ, ಒಳಗೆ ನಮಗೆ ಬೇಕಾದ ಹಾಗೆ ತುಂಡು ಮಾಡಿಕೊಳ್ಳೋಣ. 1985ರ ಆಗಸ್ಟಿನಲ್ಲಿ ಅವರೂ ಪೋಸ್ಟೆಲ್ಲರೂ ಸೇರಿ ಅದನ್ನು ನಿಯಮವಾಗಿ ಬರೆದರು. ಸಬ್‌ನೆಟ್ ಹುಟ್ಟಿದ್ದು ಹೀಗೆ.

ಅಂದರೆ ಒಳಗಿನ ಪೋಡಿ ಹೊರಗಿನವರಿಗೆ ಕಾಣದೇ ಇರುವುದು ಯಾರದೋ ಮೋಸವಲ್ಲ, ಅಜಾಗರೂಕತೆಯೂ ಅಲ್ಲ. ಕಾಣಬಾರದು ಎಂದೇ ಮಾಡಿದ್ದು. ದಾಖಲೆಯಲ್ಲಿ ಸಿಗುವುದು ಮೂಲ ಸರ್ವೆ ನಂಬರ್. ಒಳಗಿನ ಹಿಸ್ಸಾಗಳಲ್ಲಿ ಪಹಣಿಗೆ ಏರಿರುವುದು ಕೆಲವು ಮಾತ್ರ.

ಮೂರು ಅಳತೆಯ ಹಂಚಿಕೆ ಹೆಚ್ಚು ದಿನ ನಡೆಯಲಿಲ್ಲ. 256 ಸಾಲದು, 65,536 ತೀರ ಹೆಚ್ಚು ಅನ್ನುವವರೇ ಎಲ್ಲ ಕಡೆ. ಬಿ ದರ್ಜೆ ಮುಗಿಯುವ ಹಾಗೆ ಕಂಡಾಗ 1993ರ ಸೆಪ್ಟೆಂಬರಿನಲ್ಲಿ ದರ್ಜೆಗಳನ್ನೇ ಎತ್ತಿಹಾಕಿ, ಎಷ್ಟು ಬೇಕೋ ಅಷ್ಟಕ್ಕೇ ಗೆರೆ ಎಳೆಯುವ ಪದ್ಧತಿ ತಂದರು. ಆ ಓರೆ ಗೆರೆಯನ್ನು ನಾವು ಇವತ್ತು ಬರೆಯುತ್ತಿರುವುದು ಅದರಿಂದಲೇ.

ಒಂದೇ ಕಚೇರಿಯ ಕಿರ್ದಿಯೂ ಖಂಡಕ್ಕೊಂದರಂತೆ ಒಡೆಯಿತು. ನಮ್ಮ ಕಡೆಯದು ಏಷ್ಯಾ-ಪೆಸಿಫಿಕ್ ನೋಂದಣಿ ಸಂಸ್ಥೆ, ಅಪ್ನಿಕ್. ಟೋಕಿಯೊದಲ್ಲಿ ಶುರುವಾಗಿ 1998ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ಗೆ ಹೋಯಿತು. ಅದರ ಕೆಳಗೆ 2012ರಿಂದ ಭಾರತಕ್ಕೆ ತನ್ನದೇ ಇರಿನ್ ಇದೆ. ಹೋಬಳಿ, ತಾಲ್ಲೂಕು, ಜಿಲ್ಲೆ ಇದ್ದ ಹಾಗೆ.

ನಮ್ಮ ನಾಡು ಈ ಕಥೆಗೆ ತಡವಾಗಿ ಬಂದಿದ್ದೇನಲ್ಲ. 1986ರಲ್ಲಿ ಶುರುವಾದ ಎರ್ನೆಟ್ ಎಂಬ ಶಿಕ್ಷಣ-ಸಂಶೋಧನಾ ಜಾಲದ ಮೊದಲ ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ನಮ್ಮವರು ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವುದು, ಒಂದು. ಜನಸಾಮಾನ್ಯರಿಗೆ ಇಂಟರ್‌ನೆಟ್ ಸಿಕ್ಕಿದ್ದು ಮಾತ್ರ 1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಮೂಲಕ. ಹಳ್ಳಿಗಳಿಗೆ ಅದು ಮುಟ್ಟಿದ್ದು ಬಹುಪಾಲು ಮೊಬೈಲಿನಲ್ಲಿ. ಆ ಹೊತ್ತಿಗೆ ಜಮೀನು ಖಾಲಿ. 2011ರ ಫೆಬ್ರುವರಿ 3ರಂದು ಜಗತ್ತಿನ ಕೇಂದ್ರ ಸಂಗ್ರಹದ ಕೊನೆಯ ತುಂಡುಗಳನ್ನು ಹಂಚಿ ಮುಗಿಸಿದರು.

ಒಂದು ಬಾಗಿಲು, ನೂರಾರು ಮನೆ

ವಿಳಾಸ ಇಲ್ಲದಿದ್ದರೆ ಕೋಟಿಗಟ್ಟಲೆ ಫೋನುಗಳು ಹೇಗೆ ನಡೆಯುತ್ತಿವೆ? ವಠಾರದ ಹಾಗೆ. ಒಳಗೆ ಎಷ್ಟೋ ಮನೆ, ಬೀದಿಗೆ ಒಂದೇ ಬಾಗಿಲು, ಅಂಚೆಯವರಿಗೆ ಒಂದೇ ನಂಬರ್. ಮನೆಯ ವೈ-ಫೈ ಡಬ್ಬಿ ಒಳಗೆ 192.168 ಎಂದು ಶುರುವಾಗುವ ನಂಬರ್ ಕೊಡುತ್ತದಲ್ಲ, ಅದು ವಠಾರದ ಒಳಗಿನ ಲೆಕ್ಕ. ಬೇರೆಯವರ ಮನೆಯಲ್ಲೂ ಅದೇ ನಂಬರ್ ಇರುತ್ತದೆ. ಈ ಉಪಾಯ 1994ರದು. ಮೊಬೈಲ್ ಕಂಪನಿಗಳು ಅದನ್ನೇ ದೊಡ್ಡದಾಗಿ ಮಾಡಿದವು. ಇದಕ್ಕೆಂದೇ 2012ರಲ್ಲಿ 100.64ರಿಂದ 100.127ರವರೆಗೆ ಸುಮಾರು 42 ಲಕ್ಷ ವಿಳಾಸಗಳನ್ನು ಮೀಸಲಿಟ್ಟರು. ನಿಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸ್ಟೇಟಸ್ ತೆರೆದು ನೋಡಿದರೆ ಅಂಥದ್ದೊಂದು ಕಾಣಬಹುದು. ಹೊರಗಿನವರಿಗೆ ಕಾಣುವುದು ಬೇರೆ ನಂಬರ್, ಅದನ್ನು ಅದೇ ಗಳಿಗೆಯಲ್ಲಿ ಎಷ್ಟೋ ಜನ ಹಂಚಿಕೊಂಡಿರುತ್ತಾರೆ. ಸಂಜೆಗೆ ಅದು ಬೇರೆ ಜಿಲ್ಲೆಯವರ ಪಾಲಾಗಿರಬಹುದು.

ನಮ್ಮ ಸ್ಕ್ರಿಪ್ಟಿನ ಎರಡನೆಯ ಭಾಗ ಕೆಲಸ ಮಾಡಿದಾಗ ಬಂದ ಉತ್ತರವೂ ಇದೇ. ಡೇರಿಯವರು ಕೊಟ್ಟ ನಂಬರ್ ಒಂದು ಮೊಬೈಲ್ ಕಂಪನಿಯ ದೊಡ್ಡ ತುಂಡಿಗೆ ಸೇರಿದ್ದು. ಖಾತೆದಾರರ ಜಾಗದಲ್ಲಿ ದೂರದ ಮಹಾನಗರದ ಕಚೇರಿ ವಿಳಾಸ. ಕಾರ್ಯದರ್ಶಿಯವರಿಗೆ ಹೇಳಿದಾಗ ಅವರು 'ಹಂಗಾದ್ರೆ ಆ ಸಿಟಿಯಿಂದ ಯಾರೋ ಮಾಡಿದಾರೆ' ಅಂದರು. ಅದೂ ಅಲ್ಲ. ಅದು ಕಂಪನಿಯ ನೋಂದಾಯಿತ ಕಚೇರಿ. ಸ್ಕ್ರಿಪ್ಟ್ ಬರೆದ ಮೊದಲ ಹತ್ತು ನಿಮಿಷ ನಾವೂ ಹಾಗೆಯೇ ತಿಳಿದಿದ್ದೆವು, ಸುಳ್ಳು ಯಾಕೆ ಹೇಳಬೇಕು.

ಮತ್ತೆ ಆ ಕೆರೆ ಏರಿಯ ಕೆಂಪು ಗುರುತು? ಅದೇ ತುಂಡಿನ ಬೇರೆ ಮೂರು ನಂಬರುಗಳನ್ನು ಅದೇ ವೆಬ್‌ಸೈಟಿಗೆ ಹಾಕಿದೆವು. ಮೂರೂ ಅದೇ ಏರಿಯ ಮೇಲೆ, ಅದೇ ಜಾಗದಲ್ಲಿ ಬಿದ್ದವು.

ಇದರ ಅರ್ಥ ಗೊತ್ತಾಗಬೇಕಾದರೆ ಅಮೆರಿಕದ ಕಾನ್ಸಾಸ್ ರಾಜ್ಯದ ಒಂದು ಜಮೀನಿನ ಕಥೆ ಕೇಳಬೇಕು. ಪಾಟ್ವಿನ್ ಎಂಬ ಚಿಕ್ಕ ಊರಿನ ಹತ್ತಿರ ವಯಸ್ಸಾದ ಹೆಂಗಸೊಬ್ಬರ ಹೊಲ, ಅದರಲ್ಲೊಂದು ಮನೆ. ವರ್ಷಗಟ್ಟಲೆ ಆ ಮನೆಗೆ ಪೊಲೀಸರು, ಕೇಂದ್ರ ತನಿಖಾ ಸಂಸ್ಥೆಯವರು, ತೆರಿಗೆಯವರು ಬರುತ್ತಲೇ ಇದ್ದರು. ಕಳ್ಳತನ, ಮೋಸ, ಕಾಣೆಯಾದ ಮಕ್ಕಳು, ಎಲ್ಲದಕ್ಕೂ ಅಲ್ಲಿಗೇ. ಮನೆಯವರಿಗೆ ಯಾಕೆಂದೇ ತಿಳಿಯದು. 2016ರಲ್ಲಿ ಪತ್ರಕರ್ತೆಯೊಬ್ಬರು ಬೆನ್ನುಹತ್ತಿ ಕಂಡುಹಿಡಿದರು. ಐ.ಪಿ. ವಿಳಾಸದಿಂದ ಜಾಗ ಹೇಳುವ ಒಂದು ಕಂಪನಿ, 'ಅಮೆರಿಕದಲ್ಲೆಲ್ಲೋ ಇದೆ, ಎಲ್ಲಿ ಅಂತ ಗೊತ್ತಿಲ್ಲ' ಎನ್ನಬೇಕಾದ ಕಡೆ ದೇಶದ ನಟ್ಟನಡುವಿನ ಒಂದು ಬಿಂದುವನ್ನು ಗುರುತು ಹಾಕಿತ್ತು. 60 ಕೋಟಿಗೂ ಹೆಚ್ಚು ವಿಳಾಸಗಳು ಆ ಒಂದು ಬಿಂದುವಿನ ಮೇಲೆ ಕೂತಿದ್ದವು. ಬಿಂದು ಬಿದ್ದದ್ದು ಆ ಹೊಲದಲ್ಲಿ. ಆಮೇಲೆ ಕಂಪನಿ ಅದನ್ನು ಒಂದು ಜಲಾಶಯದ ನೀರಿನ ಮಧ್ಯಕ್ಕೆ ಸರಿಸಿತು.

ನಮ್ಮ ಹುಡುಗರ ಕೆಂಪು ಗುರುತು ಕೂಡ 'ಎಲ್ಲಿ ಅಂತ ಗೊತ್ತಿಲ್ಲ' ಅನ್ನುವುದನ್ನೇ ಹೇಳುತ್ತಿತ್ತು. ಗೊತ್ತಿಲ್ಲ ಎಂದು ಬರೆಯುವ ಬದಲು ಗುರುತು ಹಾಕಿತ್ತು, ಅಷ್ಟೇ.

ದೂರದ ಕಥೆ ಅನಿಸಿದರೆ ಬೆಂಗಳೂರಿನದೇ ಇದೆ. 2007ರಲ್ಲಿ ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಉದ್ಯೋಗಿಯನ್ನು ಪುಣೆಯ ಪೊಲೀಸರು ಬಂದು ಹಿಡಿದುಕೊಂಡು ಹೋದರು. ಆರ್ಕುಟ್‌ನಲ್ಲಿ ಶಿವಾಜಿಯವರನ್ನು ಅವಮಾನಿಸಿ ಏನೋ ಹಾಕಿದ್ದಾರೆ ಅನ್ನುವುದು ಆರೋಪ. ಆಧಾರ ಒಂದು ಐ.ಪಿ. ವಿಳಾಸ. ಆ ವಿಳಾಸ ಯಾರಿಗೆ ಕೊಟ್ಟಿದ್ದೆವು ಎಂದು ಇಂಟರ್‌ನೆಟ್ ಕಂಪನಿ ಕೊಟ್ಟ ವಿವರವೇ ತಪ್ಪಾಗಿತ್ತು. ಅಷ್ಟು ತಿಳಿಯುವ ಹೊತ್ತಿಗೆ ಆ ಮನುಷ್ಯ ಯರವಡಾ ಜೈಲಿನಲ್ಲಿ 50 ದಿನ ಕಳೆದಿದ್ದರು. ನೋಡಿ, ಅಲ್ಲಿ ಪೊಲೀಸರಿದ್ದರು, ಕಾನೂನಿನ ಪ್ರಕಾರ ಕೇಳಿದ್ದರು, ಕಂಪನಿಯೇ ಉತ್ತರ ಕೊಟ್ಟಿತ್ತು. ಆದರೂ ಹಾಗಾಯಿತು. ನಮ್ಮ ಕೈಯಲ್ಲಿ ಇದ್ದದ್ದು ಪುಕ್ಕಟೆ ನಕ್ಷೆ.

ಡೇರಿ ಕಟ್ಟೆಯ ಮೇಲೆ

ಮೂರನೆಯ ದಿನ ಸಂಜೆ ಹಾಲು ಹಾಕುವ ಹೊತ್ತಿಗೆ ಡೇರಿಗೆ ಹೋದೆವು. ಕ್ಯಾನು ಹಿಡಿದು ನಿಂತವರೆಲ್ಲ ಸುತ್ತ ಸೇರಿದರು. ಮೊದಲು ಕಾರ್ಯದರ್ಶಿಯವರ ಫೋನನ್ನೇ ಇಸಿದುಕೊಂಡು, ಮೊಬೈಲ್ ಡೇಟಾದಲ್ಲಿ ಅದು ಹೊರಗೆ ಯಾವ ನಂಬರಿನಲ್ಲಿ ಕಾಣುತ್ತದೆ ಎಂದು ನೋಡಿ ಸ್ಕ್ರಿಪ್ಟಿಗೆ ಕೊಟ್ಟೆವು. ಅದೇ ಕಂಪನಿ, ಅದೇ ತುಂಡು. ನಕ್ಷೆಗೆ ಹಾಕಿದರೆ ಅದೇ ಕೆರೆ ಏರಿ.

'ಹಂಗಾದ್ರೆ ನಾನೇ ಕಳ್ಳನಾ?' ಅಂದರು ಅವರು. ಎಲ್ಲರೂ ನಕ್ಕರು.

ಅವರೇ ತೆರೆದಿದ್ದಿರಬಹುದು, ಬೇರೆ ಯಾರೋ ತೆರೆದಿದ್ದಿರಬಹುದು. ಈ ನಂಬರಿನಿಂದ ಅದು ತೀರ್ಮಾನವಾಗುವುದಿಲ್ಲ ಎಂದು ಹೇಳಿದೆವು. ದೂರು ಕೊಡಲೇಬೇಕು ಅನಿಸಿದರೆ ಜಿಲ್ಲಾ ಕೇಂದ್ರದ ಸೆನ್ ಪೊಲೀಸ್ ಠಾಣೆಗೆ ಹೋಗಿ, ನಂಬರಿನ ಜೊತೆ ದಿನಾಂಕ, ಗಂಟೆ, ನಿಮಿಷ ಬರೆದುಕೊಂಡು ಹೋಗಿ. ವಠಾರದ ಬಾಗಿಲಿನಿಂದ ಆ ನಿಮಿಷದಲ್ಲಿ ಹೊರಗೆ ಬಂದವರು ಯಾರು ಅನ್ನುವ ಲೆಕ್ಕ ಕಂಪನಿಯ ಹತ್ತಿರ ಮಾತ್ರ ಇರುತ್ತದೆ, ಅದನ್ನು ಕೇಳುವ ಅಧಿಕಾರ ಪೊಲೀಸರಿಗಿದೆ, ನಮಗಿಲ್ಲ. ಪಾಸ್‌ವರ್ಡನ್ನು ಅಲ್ಲೇ ಬದಲಾಯಿಸಿಸಿದೆವು. ಹಳೆಯದು ಡೇರಿಯ ಹೆಸರು ಮತ್ತು ಒಂದು ಎರಡು ಮೂರು. ಅದನ್ನು ಗೋಡೆಯ ಕ್ಯಾಲೆಂಡರಿನ ಮೇಲೂ ಬರೆದಿದ್ದರು.

ಮಜರೆಯ ಹುಡುಗನ ಮನೆಗೆ ಯಾರೂ ಹೋಗಲಿಲ್ಲ. ಆದರೆ ಮಾತು ಅವನ ಕಿವಿಗೆ ಆಗಲೇ ಬಿದ್ದಿತ್ತು. ಎರಡು ದಿನ ಅವನ ತಾಯಿ ಡೇರಿಗೆ ಹಾಲು ತಂದಿರಲಿಲ್ಲ.

ವಾರದ ನಂತರ ಅವನೇ ಫೋನ್ ಮಾಡಿದ. 'ಅಣ್ಣಾ, ಆ ಸ್ಕ್ರಿಪ್ಟ್ ನಂಗೂ ಕಳ್ಸಿ' ಅಂದ. ಕಳಿಸಿದೆವು. ರಾತ್ರಿಯೇ ಉತ್ತರ ಬಂತು. ಈಗ ನಮ್ಮ ಕಡೆಯ ಎಷ್ಟೋ ಫೋನುಗಳು ಹೊಸ ಬಗೆಯ ವಿಳಾಸದಲ್ಲೂ ಓಡುತ್ತವೆ, ಚುಕ್ಕಿಗಳ ಬದಲು ಎರಡು ಚುಕ್ಕಿ ಒಂದರ ಮೇಲೊಂದು ಇರುವ, 128 ಮನೆಗಳ ಉದ್ದನೆಯ ವಿಳಾಸ. ಅಂಥದ್ದನ್ನು ಕೊಟ್ಟರೆ ನಮ್ಮ ಸ್ಕ್ರಿಪ್ಟ್ ಮಗುಚಿಕೊಳ್ಳುತ್ತಿತ್ತು. ಅವನು ಅದನ್ನು ಸರಿಮಾಡಿದ್ದ. ಕೊನೆಯಲ್ಲಿ ಇನ್ನೊಂದು ಸಾಲನ್ನೂ ಸೇರಿಸಿದ್ದ. ಈಗ ಯಾವ ನಂಬರ್ ಹಾಕಿದರೂ ಎಲ್ಲ ವಿವರದ ಕೆಳಗೆ ಅದು ಬರುತ್ತದೆ: 'ಇದು ಜಾಲದ ತುಂಡಿನ ವಿವರ, ಮನುಷ್ಯನದಲ್ಲ.'